ಲಸಿಕೆಯ ದಾರಿ

1802ನೆಯ ಇಸವಿಯ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿಗೆ ಸಿಡುಬಿನ ಲಸಿಕೆಯನ್ನು ಹಾಕಲಾಯಿತು. ಭಾರತದಲ್ಲಿ ಈ ಲಸಿಕೆ ಫಲಿಸಿದ ಮೊದಲ ವ್ಯಕ್ತಿ ಆಕೆ. ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂದು ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1796ರಲ್ಲಿ. ಆ ವಿದ್ಯೆ ಇಲ್ಲಿಗೆ ಬಂದು ಮುಟ್ಟಲು ಆರು ವರ್ಷಗಳೇ ಹಿಡಿದವು. ತಿಳಿವಳಿಕೆ ಬೇಗನೆ ಬಂದಿತ್ತು. ಲಸಿಕೆ ಮಾತ್ರ ದಾರಿಯಲ್ಲಿಯೇ ಸಾಯುತ್ತಿತ್ತು. ದಾರದ ಎಳೆಗಳಿಗೆ ಹೀರಿಸಿ, ಗಾಜಿನ ಹಲ್ಲೆಗಳ ನಡುವೆ ಭದ್ರಪಡಿಸಿ ಹಡಗಿನಲ್ಲಿ ಕಳುಹಿಸಿದ ರಸವು ತಿಂಗಳುಗಟ್ಟಲೆಯ ಪ್ರಯಾಣದ ಸೆಕೆಗೆ ನಿಸ್ಸತ್ತ್ವವಾಗುತ್ತಿತ್ತು. ಕಡೆಗೆ ಅದು ವಿಯನ್ನಾದಿಂದ ಹೊರಟು ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳನ್ನು ಹಾದು, ಅಲ್ಲಲ್ಲಿ ಮನುಷ್ಯರ ತೋಳಿನಲ್ಲಿಯೇ ಮತ್ತೆ ಬೆಳೆದು ಮುಂಬಯಿಯನ್ನು ಸೇರಿತು.

ಲಸಿಕೆ ಹಾಕಿದ ಸುಮಾರು ಎಂಟನೆಯ ದಿನ ಮಗುವಿನ ತೋಳಿನಲ್ಲಿ ಏಳುವ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕುವುದು ಅಂದಿನ ಕ್ರಮ. ಅನ್ನಾಳ ತೋಳಿನಿಂದ ಹೊರಟ ಲಸಿಕೆ ಹೀಗೆಯೇ ದೇಶದ ಇತರ ಭಾಗಗಳಿಗೆ ಹಬ್ಬಿತು. 1803ರಲ್ಲಿ ಸ್ಪೇನ್ ದೇಶದ ವೈದ್ಯ ಫ್ರಾನ್ಸಿಸ್ಕೊ ಬಾಲ್ಮಿಸ್ 22 ಮಂದಿ ಅನಾಥ ಬಾಲಕರನ್ನು ಹಡಗಿಗೆ ಹತ್ತಿಸಿಕೊಂಡು, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಲಸಿಕೆಯನ್ನು ಅಮೆರಿಕ ಖಂಡಕ್ಕೆ ಒಯ್ದನು. ಆ ಬಾಲಕರ ಒಪ್ಪಿಗೆಯನ್ನು ಯಾರೂ ಕೇಳಿರಲಾರರು. ಲಸಿಕೆಯನ್ನು ಜೀವಂತವಾಗಿ ಸಾಗಿಸಲು ಜೀವಂತ ದೇಹವಲ್ಲದೆ ಬೇರೆ ಪಾತ್ರೆಯೇ ಇಲ್ಲದ ಕಾಲವದು.

ಇಪ್ಪತ್ತನೆಯ ಶತಮಾನದಲ್ಲಿ ಈ ತೊಡಕಿಗೆ ಒಂದು ಪರಿಹಾರ ದೊರೆಯಿತು. ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸಿದರೆ ಅದು ಬಿಸಿಲ ನಾಡಿನಲ್ಲಿಯೂ ಬಹುದಿನ ಕೆಡದೆ ಉಳಿಯುವುದೆಂದು ತಿಳಿದುಬಂತು. ಹಳ್ಳಿಗಳಲ್ಲಿ ಜನರು ‘ದೇವಿ ಹಾಕುವುದು’ ಎಂದು ಕರೆಯುತ್ತಿದ್ದುದು ಈ ಲಸಿಕೆಯನ್ನೇ. ಬೆಳಗಾವಿಯಲ್ಲಿ ಅದನ್ನು ತಯಾರಿಸುತ್ತಿದ್ದ ಸ್ಥಳದ ಹೆಸರು ‘ವ್ಯಾಕ್ಸಿನ್ ಡಿಪೋ’ ಎಂದು ಇಂದಿಗೂ ಉಳಿದಿದೆ. 1975ರಲ್ಲಿ ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡುಬಂದು, 1980ರಲ್ಲಿ ಇಡೀ ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು.

ಆದರೆ ಎಲ್ಲ ಲಸಿಕೆಗಳೂ ಅಷ್ಟು ಗಟ್ಟಿಯಲ್ಲ. 1978ರಲ್ಲಿ ನಮ್ಮ ದೇಶದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವೂ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವೂ ಆರಂಭವಾದವು. ಕ್ಷಯ, ಪೋಲಿಯೊ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರ ಮೊದಲಾದ ರೋಗಗಳ ಲಸಿಕೆಗಳನ್ನು ಮೂಲೆಮೂಲೆಯ ಹಳ್ಳಿಗೂ ಮುಟ್ಟಿಸಬೇಕಾಯಿತು. ಇವುಗಳನ್ನು ಆರೋಗ್ಯ ಕೇಂದ್ರದಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆಯೇ ಇಡತಕ್ಕದ್ದು. ಕಾರ್ಖಾನೆಯಿಂದ ರಾಜ್ಯದ ಉಗ್ರಾಣ, ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಅಂಗನವಾಡಿಯ ಜಗಲಿ, ಹೀಗೆ ಎಲ್ಲಿಯೂ ತಂಪು ಕಡಿಯದಂತೆ ಸಾಗಿಸುವ ಏರ್ಪಾಡಿಗೆ ‘ಶೀತಲ ಸರಪಳಿ’ ಎಂದು ಹೆಸರು.

ಬಿಸಿಯಷ್ಟೇ ಅಲ್ಲ, ಅತಿಯಾದ ತಂಪೂ ಕೆಲವು ಲಸಿಕೆಗಳಿಗೆ ಶತ್ರು. ಪೋಲಿಯೊ ಹನಿ, ದಡಾರದ ಲಸಿಕೆಗಳು ಬಿಸಿಗೆ ಕೆಡುತ್ತವೆ. ಧನುರ್ವಾಯು, ನಾಯಿಕೆಮ್ಮು, ಹೆಪಟೈಟಿಸ್-ಬಿ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಡುತ್ತವೆ. ಅವುಗಳಲ್ಲಿರುವ ಅಲ್ಯುಮಿನಿಯಂ ಲವಣ ಕಣಕಣವಾಗಿ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹೆಪ್ಪು ಕರಗಿದ ಮೇಲೆ ಸೀಸೆ ಮೊದಲಿನಂತೆಯೇ ಕಾಣುವುದು. ಕುಲುಕಿಟ್ಟು ನೋಡುವವರೆಗೆ ದೋಷ ಹೊರಬೀಳದು. ಹಳಸಿದ ಅನ್ನವನ್ನು ಮೂಗು ಹೇಳುತ್ತದೆ, ಒಡೆದ ಹಾಲನ್ನು ಕಣ್ಣು ಹೇಳುತ್ತದೆ. ಸತ್ತ ಲಸಿಕೆಯನ್ನು ಮಾತ್ರ ಯಾವ ಇಂದ್ರಿಯವೂ ಹೇಳಲಾರದು. ಅದನ್ನು ಹಾಕಿಸಿಕೊಂಡ ಮಗು ಅತ್ತು ಮನೆಗೆ ಹೋಗುತ್ತದೆ, ತಾಯಿ ನೆಮ್ಮದಿಯಿಂದಿರುತ್ತಾಳೆ. ರೋಗ ಬಂದಾಗಲೇ ಸತ್ಯ ತಿಳಿಯುವುದು.

ಬಿಸಿಯ ವಿಷಯದಲ್ಲಿ ಈ ಕುರುಡನ್ನು ನೀಗಿಸಲು ಸೀಸೆಯ ಮೇಲೊಂದು ಚಿಕ್ಕ ಗುರುತನ್ನು ಅಂಟಿಸಿರುತ್ತಾರೆ. ಬಣ್ಣದ ವೃತ್ತ, ಅದರ ನಡುವೆ ತಿಳಿಬಣ್ಣದ ಚೌಕ. ಸೀಸೆ ಬಿಸಿಯನ್ನು ಉಂಡಷ್ಟೂ ಚೌಕ ಕಪ್ಪೇರುತ್ತ ಹೋಗುತ್ತದೆ. ಮತ್ತೆ ತಂಪಿನಲ್ಲಿಟ್ಟರೂ ತಿಳಿಯಾಗುವುದಿಲ್ಲ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಅಕ್ಷರ ಬಾರದವರೂ ಓದಬಲ್ಲ ಬರಹವಿದು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯನ್ನು ಇಡುವ ಪೆಟ್ಟಿಗೆ ಮನೆಯ ಫ್ರಿಜ್ಜಿನಂತಲ್ಲ. ಅದರ ಬಾಗಿಲು ಮೇಲ್ಗಡೆ ತೆರೆಯುತ್ತದೆ. ತಂಪಾದ ಗಾಳಿ ಭಾರವಾದುದರಿಂದ ಮುಚ್ಚಳವೆತ್ತಿದರೂ ಅದು ತಳದಲ್ಲಿಯೇ ನಿಲ್ಲುತ್ತದೆ. ಒಳಗೋಡೆಯ ಸುತ್ತ ಮಂಜುಗಡ್ಡೆಯ ಪದರವಿರುವುದರಿಂದ ವಿದ್ಯುಚ್ಛಕ್ತಿ ನಿಂತರೂ ಕೆಲವು ಗಂಟೆಗಳ ಕಾಲ ತಂಪು ಉಳಿಯುತ್ತದೆ, ಆದರೆ ಯಾರೂ ಮುಚ್ಚಳವನ್ನು ತೆರೆದು ನೋಡಬಾರದು. ಉಷ್ಣತೆಯನ್ನು ದಿನಕ್ಕೆರಡು ಬಾರಿ, ರಜೆಯ ದಿನವೂ ತಪ್ಪದೆ, ಪುಸ್ತಕದಲ್ಲಿ ಬರೆದಿಡಬೇಕು. ಯುಗಾದಿಯ ಬೆಳಿಗ್ಗೆ ಆ ಒಂದು ಅಂಕಿಯನ್ನು ಬರೆಯಲು ಕೇಂದ್ರಕ್ಕೆ ಬಂದು ಹೋಗುವವರ ಹೆಸರು ಯಾವ ವರದಿಯಲ್ಲಿಯೂ ಬರುವುದಿಲ್ಲ. ಇತ್ತೀಚೆಗೆ ಉಷ್ಣತೆ ಮಿತಿ ಮೀರಿದೊಡನೆ ಮೊಬೈಲಿಗೆ ಸಂದೇಶ ಕಳುಹಿಸುವ ಉಪಕರಣಗಳೂ ಬಂದಿವೆ.

ಕಾಯುವುದಕ್ಕಿಂತ ಎಣಿಸುವುದು ಇನ್ನೂ ಕಷ್ಟ. ಒಂದು ಕೇಂದ್ರದ ವ್ಯಾಪ್ತಿಯಲ್ಲಿ ಆ ತಿಂಗಳು 40 ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಬೇಕಾಗಿದೆ ಎಂದು ಭಾವಿಸೋಣ. ಒಂದು ಸೀಸೆ 10 ಮಕ್ಕಳಿಗೆ ಆಗುತ್ತದೆ. 4 ಸೀಸೆ ಸಾಕೆನ್ನುವವನು ಲೆಕ್ಕ ಬಲ್ಲವನೇ ಹೊರತು ಊರು ಬಲ್ಲವನಲ್ಲ. ನಾಲ್ಕರಲ್ಲಿ ಒಂದು ಪಾಲು ಪೋಲಾಗುವುದೆಂದು ಮೊದಲೇ ಎಣಿಸಿದರೆ, 40ನ್ನು 100ರಿಂದ ಗುಣಿಸಿ 75ರಿಂದ ಭಾಗಿಸಬೇಕು. 53ಕ್ಕೂ ಮಿಕ್ಕಿ ಬರುತ್ತದೆ, ಎಂದರೆ 6 ಸೀಸೆ. ಆ 40 ಮಕ್ಕಳು 8 ಹಳ್ಳಿಗಳಲ್ಲಿ ಐದೈದರಂತೆ ಚದುರಿದ್ದರೆ ಈ ಲೆಕ್ಕವೂ ಸುಳ್ಳಾಗುತ್ತದೆ. ಒಂದೊಂದು ಹಳ್ಳಿಗೆ ಒಂದೊಂದು ದಿನ ಹೋಗಬೇಕು, ಹೋದಲ್ಲೆಲ್ಲ ಹೊಸ ಸೀಸೆಯನ್ನು ತೆರೆಯಬೇಕು. 8 ಸೀಸೆಗಳು ಬೇಕು.

ತೆರೆದ ಸೀಸೆಯನ್ನು ಮರುದಿನಕ್ಕೆ ಏಕೆ ಉಳಿಸಬಾರದು? ಪೋಲಿಯೊ ಹನಿಯಂಥ ಕೆಲವು ಲಸಿಕೆಗಳನ್ನು ತೆರೆದ ಮೇಲೂ, ನಿಯಮದಂತೆ ಕಾಪಾಡಿದರೆ, 28 ದಿನಗಳವರೆಗೆ ಬಳಸಬಹುದು. ದಡಾರ-ರುಬೆಲ್ಲಾ ಮತ್ತು ಬಿ.ಸಿ.ಜಿ. ಲಸಿಕೆಗಳು ಪುಡಿಯ ರೂಪದಲ್ಲಿರುತ್ತವೆ. ಅವುಗಳಿಗೆಂದೇ ಒದಗಿಸಿದ ದ್ರವವನ್ನು ಬೆರೆಸಿ ಹಾಕಬೇಕು. ಬೆರೆಸಿದ ಮೇಲೆ ಅದರಲ್ಲಿ ರೋಗಾಣುಗಳು ಬೆಳೆಯದಂತೆ ತಡೆಯುವ ವಸ್ತು ಇರುವುದಿಲ್ಲ. ಆದುದರಿಂದ ನಾಲ್ಕು ಗಂಟೆ ಕಳೆದೊಡನೆ ಉಳಿದುದನ್ನು ಬಳಕೆಯಿಂದ ತೆಗೆಯಲೇಬೇಕು. ಈ ನಿಯಮವನ್ನು ಮೀರಿದಾಗ ಮಕ್ಕಳ ಪ್ರಾಣವೇ ಹೋಗಬಹುದು.

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಣ ಒಂದು ಅಂಗನವಾಡಿಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಆಷಾಢದ ಮಳೆ. ಆರೋಗ್ಯ ಸಹಾಯಕಿಯು ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಾಳೆ. ಡಬ್ಬಿಯೊಳಗಿನ ನಾಲ್ಕು ಮಂಜಿನ ಪೊಟ್ಟಣಗಳನ್ನು ಅವು ಬೆವರುವವರೆಗೆ, ಅಲುಗಿಸಿದರೆ ಒಳಗೆ ನೀರು ಸದ್ದು ಮಾಡುವವರೆಗೆ ಹೊರಗಿಟ್ಟು ಆಮೇಲೆ ಜೋಡಿಸಿದ್ದಾಳೆ. ಇಲ್ಲದಿದ್ದರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿಬಿಡುತ್ತಿದ್ದವು. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ದಡಾರದ ಲಸಿಕೆಗೆ ಐದು ಮಕ್ಕಳ ಹೆಸರಿದೆ. ಹತ್ತೂವರೆಗೆ ಸೀಸೆ ತೆರೆದು, ಹೊತ್ತನ್ನು ಅದರ ಮೇಲೆ ಬರೆದು, ನಾಲ್ವರಿಗೆ ಹಾಕಿದ್ದಾಯಿತು. ಎರಡೂವರೆಗೆ ಆ ಸೀಸೆಯನ್ನು ಬದಿಗಿರಿಸಿದಳು.

ಮೂರು ಗಂಟೆಗೆ ಐದನೆಯ ಮಗು ಬಂದಿತು. ತಾಯಿ ರಾಯಚೂರಿನ ಕಡೆಯಿಂದ ತೋಟದ ಕೆಲಸಕ್ಕೆ ಬಂದವಳು. “ಅಕ್ಕಾರ, ಮೇಸ್ತ್ರಿ ಬಿಡಲಿಲ್ಲರೀ, ಹೊತ್ತಾತು,” ಎಂದು ಅಳುಕುತ್ತ ನಿಂತಳು. ಡಬ್ಬಿಯಲ್ಲಿ ಇನ್ನೊಂದು ಸೀಸೆಯಿದೆ. ಅದನ್ನು ಈ ಒಂದು ಮಗುವಿಗಾಗಿ ತೆರೆದರೆ ಒಂಬತ್ತು ಮಕ್ಕಳ ಲಸಿಕೆ ಪೋಲು. ತಿಂಗಳ ಲೆಕ್ಕದಲ್ಲಿ ಅದು ಎದ್ದು ಕಾಣುತ್ತದೆ, ಯಾರಾದರೂ ಕೇಳಿಯಾರು. ತೆರೆಯದಿದ್ದರೆ ಮುಂದಿನ ತಿಂಗಳು ಈ ಕುಟುಂಬ ಯಾವ ತೋಟದಲ್ಲಿರುವುದೋ ತಿಳಿಯದು. ದಡಾರವು ಗಾಳಿಯಲ್ಲಿ ಹರಡುವ ರೋಗ. ಅದು ಹೊಕ್ಕ ಕೂಲಿ ಲೈನಿನಲ್ಲಿ ಲಸಿಕೆಯಿಲ್ಲದ ಮಕ್ಕಳು ತಪ್ಪಿಸಿಕೊಳ್ಳುವುದು ಅಪರೂಪ. ಒಂದೇ ಮಗು ಬಂದರೂ ಸೀಸೆಯನ್ನು ತೆರೆಯಬೇಕೆಂಬುದೇ ಸರಕಾರದ ಸೂಚನೆ. ಆದರೂ ಆ ಗಳಿಗೆಯಲ್ಲಿ ಕೈ ಒಮ್ಮೆ ತಡೆಯುವುದು ಸಹಜ.

“ಕುಳಿತುಕೊಳ್ಳಮ್ಮ, ತಾಯಿ ಕಾರ್ಡು ತಂದಿದ್ದೀಯಾ?” ಎಂದಳು ಸಹಾಯಕಿ. ಸೀಸೆಯ ಚೌಕವನ್ನು ನೋಡಿದಳು. ಇನ್ನೂ ತಿಳಿಯಾಗಿಯೇ ಇತ್ತು. ದ್ರವ ಬೆರೆಸಿ, ಮೂರು ಗಂಟೆ ಹತ್ತು ನಿಮಿಷವೆಂದು ಅದರ ಮೇಲೆ ಬರೆದು, ಮಗುವಿನ ಬಲತೋಳನ್ನು ಹಿಡಿದಳು. ಅನಂತರ ಅರ್ಧ ಗಂಟೆ ಅಲ್ಲಿಯೇ ಇರಬೇಕೆಂದು ತಾಯಿಗೆ ತಿಳಿಸಿ, ಆಶಾ ಕಾರ್ಯಕರ್ತೆಯ ಕಡೆಗೆ ತಿರುಗಿ, ಪಕ್ಕದ ತೋಟದ ಲೈನಿನಲ್ಲಿ ಲಸಿಕೆ ತಪ್ಪಿದ ಮಕ್ಕಳು ಯಾರಾದರೂ ಇದ್ದಾರೆಯೇ, ಏಳು ಗಂಟೆಯೊಳಗೆ ಕರೆತರಬಹುದೇ ಎಂದು ವಿಚಾರಿಸಿದಳು.