ಹಳಿ ಹೋದರೂ ಹಾದಿ ಉಳಿಯಿತು

ಸಹಪಾಠಿಗಳೇ, ಸೈಕಲ್ ಹೊಡೆಯುವವರಿಗೆಲ್ಲ ಒಂದು ಆಸೆ ಇದ್ದೇ ಇರುತ್ತದೆ. ಹಿಂದಿನಿಂದ ಹಾರ್ನ್ ಕೇಳಬಾರದು, ಎದುರಿಗೆ ಲಾರಿ ಬರಬಾರದು, ದೊಡ್ಡ ಏರು ಇರಬಾರದು. ಅಂಥ ಹಾದಿ ಎಲ್ಲಾದರೂ ಇದೆಯೇ? ಇದೆ. ಅಮೇರಿಕಾ ದೇಶದ ಒರೆಗಾನ್ ರಾಜ್ಯದಲ್ಲಿ ಡೆಶೂಟ್ಸ್ ನದಿಯ ಕಣಿವೆಯಲ್ಲಿದೆ. ನಾನು ಅದನ್ನು ಕಣ್ಣಾರೆ ಕಂಡವಳಲ್ಲ. ಸಮಾಜ ಪಾಠದ ಗುರುಗಳು ನಕಾಶೆ ಹಚ್ಚಿ ಹೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ನದಿ ಎಲ್ಲಿದೆ?

ಒರೆಗಾನ್ ರಾಜ್ಯ ಅಮೇರಿಕಾದ ಪಶ್ಚಿಮ ದಂಡೆಯಲ್ಲಿದೆ. ಡೆಶೂಟ್ಸ್ ನದಿ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಹರಿದು ಕೊಲಂಬಿಯಾ ಎಂಬ ದೊಡ್ಡ ನದಿಯನ್ನು ಕೂಡುತ್ತದೆ. ಹೆಸರು ಫ್ರೆಂಚ್ ಭಾಷೆಯದು. ಅದರ ಅರ್ಥ ಜಲಪಾತಗಳ ನದಿ. ಕೂಡುವ ಜಾಗದ ಹತ್ತಿರ ಕೊಲಂಬಿಯಾ ನದಿಯಲ್ಲಿ ಸೆಲೈಲೊ ಎಂಬ ಜಲಪಾತ ಇತ್ತು. ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷ ಅಲ್ಲಿ ಮೀನು ಹಿಡಿಯುತ್ತಿದ್ದರು. 1957ರಲ್ಲಿ ಆಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿತು. ನಮ್ಮ ಕೃಷ್ಣಾ ದಂಡೆಯ ಜನ 'ಮುಳುಗಡೆ' ಅನ್ನುತ್ತಾರಲ್ಲ, ಆ ಮಾತು ಅಲ್ಲಿಗೂ ಸಲ್ಲುತ್ತದೆ.

ಸಮುದ್ರದಿಂದ ಬರುವ ಮಳೆಮೋಡಗಳನ್ನು ಕ್ಯಾಸ್ಕೇಡ್ ಎಂಬ ಪರ್ವತಸಾಲು ತಡೆಯುತ್ತದೆ. ಅದರಿಂದ ಪರ್ವತದ ಪೂರ್ವಕ್ಕಿರುವ ಈ ಕಣಿವೆ ಒಣಭೂಮಿ. ಸಹ್ಯಾದ್ರಿ ಮಳೆ ತಡೆದು ನಮ್ಮ ಕಡೆ ಮೋಡ ಬರಿದಾಗಿ ಬರುವಂತೆಯೇ ಇದು.

2. ಬೆಂಕಿಯಿಂದ ಹುಟ್ಟಿದ ಕಲ್ಲು

ಜ್ವಾಲಾಮುಖಿ ಎಂದರೆ ತುದಿಯಲ್ಲಿ ಹೊಗೆ ಬರುವ ಗುಡ್ಡ ಎಂದು ನಾವು ಚಿತ್ರ ತೆಗೆಯುತ್ತೇವೆ. ಎಲ್ಲಾ ಜ್ವಾಲಾಮುಖಿ ಹಾಗಿರುವುದಿಲ್ಲ. ಸುಮಾರು 1.6 ಕೋಟಿ ವರ್ಷಗಳ ಹಿಂದೆ ಅಲ್ಲಿಯ ನೆಲ ಉದ್ದುದ್ದ ಬಿರಿದು, ಆ ಬಿರುಕುಗಳಿಂದ ಲಾವಾರಸ ಹೊಳೆಯಂತೆ ಹರಿಯಿತು. ಒಂದರ ಮೇಲೊಂದು ಪದರ ಕೂತು ಆರಿ ಕರಿಕಲ್ಲು ಆಯಿತು. ಇದಕ್ಕೆ ಬಸಾಲ್ಟ್ ಎಂದು ಹೆಸರು. ಅದೇ ಕಲ್ಲನ್ನು ನದಿ ಕೊರೆದು ಕೊರೆದು ನೂರಾರು ಅಡಿ ಆಳದ ಕಣಿವೆ ಮಾಡಿದೆ. ಲಾವಾ ಆರುವಾಗ ಕುಗ್ಗಿ ಸೀಳುತ್ತದೆ. ಹಾಗೆ ಸೀಳಿದ ಕಂಬಗಳು ಕಣಿವೆಯ ಗೋಡೆಯಲ್ಲಿ ಸಾಲಾಗಿ ನಿಂತಿವೆ. ಹಲವು ಕಂಬಗಳಿಗೆ ಆರು ಮುಖ ಇರುತ್ತವೆ.

ನಮ್ಮ ವಿಜಯಪುರ ಜಿಲ್ಲೆಯ ಕರಿಕಲ್ಲೂ ಬಸಾಲ್ಟೇ. ಅದು ಸುಮಾರು 6.6 ಕೋಟಿ ವರ್ಷ ಹಳೆಯದು, ಅಂದರೆ ಅಲ್ಲಿಯದಕ್ಕಿಂತ ಹಿರಿಯದು. ಆ ಕಲ್ಲು ಸವೆದು ನಮ್ಮ ಎರಿ ಮಣ್ಣು ಆಗಿದೆ.

3. ಎರಡು ದಂಡೆ, ಎರಡು ರೈಲು

ಇಂಥ ಇಕ್ಕಟ್ಟಿನ ಕಣಿವೆಯಲ್ಲಿ ದಾರಿ ಮಾಡಿದವರು ಯಾರು? 1909ರಲ್ಲಿ ಎರಡು ರೈಲ್ವೆ ಕಂಪನಿಗಳು ಪಂತ ಕಟ್ಟಿದವು. ಜೇಮ್ಸ್ ಹಿಲ್ ಎಂಬ ಶ್ರೀಮಂತರ ಕಂಪನಿ ಪಶ್ಚಿಮ ದಂಡೆ ಹಿಡಿಯಿತು. ಎಡ್ವರ್ಡ್ ಹ್ಯಾರಿಮನ್ ಎಂಬುವರ ಕಂಪನಿ ಪೂರ್ವ ದಂಡೆ ಹಿಡಿಯಿತು. ಇಬ್ಬರಿಗೂ ಮಧ್ಯ ಒರೆಗಾನಿನ ಕಟ್ಟಿಗೆಯ ವ್ಯಾಪಾರ ಬೇಕಾಗಿತ್ತು. ಕೂಲಿಕಾರರು ಬಂಡೆ ಒಡೆದು, ಸುರಂಗ ಕೊರೆದು ದುಡಿದರು. ಒಬ್ಬರ ಕೆಲಸ ಇನ್ನೊಬ್ಬರು ಕೆಡಿಸುವುದೂ ನಡೆಯಿತು. ಎದುರಾಳಿಗಳ ಮೇಲೆ ಬಂಡೆ ಉರುಳಿಸಿದ್ದೂ ಉಂಟು. ಹ್ಯಾರಿಮನ್ ಅದೇ 1909ರಲ್ಲಿ ತೀರಿಕೊಂಡರು. ಕೊನೆಗೆ ಎರಡೂ ಕಡೆಯವರು ರಾಜಿಯಾದರು. 1911ರ ಅಕ್ಟೋಬರಿನಲ್ಲಿ ಬೆಂಡ್ ಎಂಬ ಊರಿನಲ್ಲಿ ಹಿಲ್ ಅವರು ಬಂಗಾರದ ಮೊಳೆ ಹೊಡೆದು ಹಳಿಯ ಕೆಲಸ ಮುಗಿಸಿದರು.

ಒಂದು ರೈಲಿಗೆ ಸಾಕಾಗುವಷ್ಟೇ ಸರಕು ಇದ್ದ ಕಣಿವೆಯಲ್ಲಿ ಎರಡು ಹಳಿ ಬಹಳ ದಿನ ಬದುಕಲಿಲ್ಲ. 1930ರ ದಶಕದಲ್ಲಿ ಪೂರ್ವ ದಂಡೆಯ ರೈಲು ನಿಂತಿತು. ಪಶ್ಚಿಮ ದಂಡೆಯಲ್ಲಿ ಇವತ್ತಿಗೂ ಗೂಡ್ಸ್ ಗಾಡಿ ಓಡುತ್ತದೆ. ಪೂರ್ವದ ಹಳಿ ಹೋಯಿತು, ಆದರೆ ಹಳಿಯ ಕೆಳಗಿನ ದಾರಿ ಉಳಿಯಿತು. ನದಿ ಕೂಡುವ ಜಾಗದ ಉದ್ಯಾನದಿಂದ 25 ಕಿ.ಮೀ.ಗಿಂತ ತುಸು ಹೆಚ್ಚು ದೂರ ಅದು ಈಗ ನಡೆಯುವವರ ಮತ್ತು ಸೈಕಲ್ಲಿನವರ ಹಾದಿ. ಮೋಟಾರು ಗಾಡಿಗೆ ಅಲ್ಲಿ ಪ್ರವೇಶವಿಲ್ಲ. 1988ರಲ್ಲಿ ಈ ನದಿಯ ಕೆಳಗಿನ ಸುಮಾರು 160 ಕಿ.ಮೀ. ಭಾಗವನ್ನು ಅಲ್ಲಿಯ ಸರ್ಕಾರ ಕಾಯ್ದೆಯಿಂದ ರಕ್ಷಿಸಿದೆ.

4. ರೈಲಿನ ದಾರಿ ಸೈಕಲ್ಲಿಗೆ ಏಕೆ ಒಳ್ಳೆಯದು?

ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಜಾರುತ್ತದೆ. ಅದಕ್ಕೇ ರೈಲು ಕಡಿದಾದ ಏರು ಹತ್ತಲಾರದು. ಇಂಜಿನಿಯರರು ಗುಡ್ಡ ಕಡಿದು, ತಗ್ಗು ತುಂಬಿ ದಾರಿಯನ್ನು ಹೆಚ್ಚುಕಡಿಮೆ ಸಮ ಮಾಡುತ್ತಾರೆ. ತಿರುವುಗಳನ್ನೂ ದೊಡ್ಡದಾಗಿ ಬಿಡುತ್ತಾರೆ. ರೈಲಿಗೆಂದು ಮಾಡಿದ ಈ ಅನುಕೂಲ ಪೆಡಲ್ ತುಳಿಯುವವರ ಕಾಲಿಗೂ ಆಗುತ್ತದೆ.

5. ಗರಸಿನ ಸೈಕಲ್

ಆ ಹಾದಿಗೆ ಡಾಂಬರು ಹಾಕಿಲ್ಲ. ಗರಸು, ಸಣ್ಣ ಕಲ್ಲು ಇರುತ್ತವೆ. ಇಂಥ ಹಾದಿಗೆಂದೇ ಗ್ರಾವೆಲ್ ಬೈಕ್ ಎಂಬ ಸೈಕಲ್ ಬಂದಿದೆ. ಡಾಂಬರಿನ ಮೇಲೆ ಓಡುವ ರೇಸ್ ಸೈಕಲ್ಲಿನ ಟೈರು 25ರಿಂದ 30 ಮಿ.ಮೀ. ಅಗಲ ಇದ್ದರೆ, ಇದರ ಟೈರು 38ರಿಂದ 50 ಮಿ.ಮೀ. ಇರುತ್ತದೆ. ಗಾಳಿಯನ್ನೂ ಕಡಿಮೆ ಹೊಡೆಯುತ್ತಾರೆ. ಅಗಲ ಟೈರು ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ, ಆದ್ದರಿಂದ ಗರಸಿನಲ್ಲಿ ಹೂಳುವುದಿಲ್ಲ. ಕಬ್ಬಿಣದ ಪಟ್ಟಿಯ ಚಕ್ಕಡಿ ಹಸಿ ಎರಿಯಲ್ಲಿ ಹೂಳುತ್ತದೆ, ಟೈರಿನ ಗಾಡಿ ಅಷ್ಟು ಹೂಳುವುದಿಲ್ಲ. ಇದನ್ನು ನಾವೆಲ್ಲ ನೋಡಿದ್ದೇವೆ.

ಇನ್ನೊಂದು ಸಂಗತಿ. ನಮ್ಮ ಮನೆಯ ಹಳೆಯ ಕರಿ ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದು ಬರೆದಿದೆ. 1½ ಇಂಚು ಎಂದರೆ ಸುಮಾರು 38 ಮಿ.ಮೀ. ಅಂದರೆ ಹಾಲಿನ ಕ್ಯಾನು ಹೊರುವ ಆ ಸೈಕಲ್ಲಿನ ಟೈರೂ ಗ್ರಾವೆಲ್ ಬೈಕಿನ ಟೈರೂ ಹತ್ತಿರಹತ್ತಿರ ಒಂದೇ ಅಗಲ!

6. ಅಲ್ಲಿಯೂ ಮುಳ್ಳು ಇದೆ

ಆ ಹಾದಿಯಲ್ಲಿ ಎಲ್ಲರಿಗೂ ಭಯ ಹುಟ್ಟಿಸುವುದು ಒಂದು ಮುಳ್ಳು. ನೆಲಕ್ಕೆ ಹಬ್ಬುವ ಬಳ್ಳಿ, ಹಳದಿ ಹೂವು, ಕೊಂಬಿನಂಥ ಮುಳ್ಳಿನ ಕಾಯಿ. ಅವರು ಅದಕ್ಕೆ 'ಆಡಿನ ತಲೆ' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಹೊಲದ ಬದುವಿನ ನೆಗ್ಗಿನ ಮುಳ್ಳು! ಅಮೇರಿಕಾದ ಮೂಲ ಗಿಡವಲ್ಲ ಅದು, ನಮ್ಮ ಕಡೆಯ ಖಂಡಗಳಿಂದ ಹೋಗಿ ಅಲ್ಲಿ ಹಬ್ಬಿದೆ. ಟೈರಿಗೆ, ಚಪ್ಪಲಿಗೆ ಚುಚ್ಚಿಕೊಂಡೇ ಮುಂದೆ ಸಾಗುತ್ತದೆ. ಅದಕ್ಕೆ ಅಲ್ಲಿಗೆ ಹೋಗುವವರು ಪಂಕ್ಚರ್ ಸಾಮಾನು, ಪಂಪು ಒಯ್ಯುತ್ತಾರೆ. ಕೆಲವರು ಟೈರಿನೊಳಗೆ ತೂತು ಮುಚ್ಚುವ ಅಂಟುರಸ ಹಾಕಿರುತ್ತಾರೆ.

ಬೇಸಿಗೆಯಲ್ಲಿ ಬಿಸಿಲು ಬಹಳ, ನೆರಳು ಕಡಿಮೆ. ಬಾಲ ಅಲುಗಿಸಿ ಸದ್ದು ಮಾಡುವ ವಿಷದ ಹಾವುಗಳೂ ಇವೆ. ಆದ್ದರಿಂದ ಬೆಳಿಗ್ಗೆ ಬೇಗ ಹೊರಟು, ಕುಡಿಯುವ ನೀರು ಕಟ್ಟಿಕೊಂಡು ಹೋಗಬೇಕು. ಮುಂದೆ ಹಳ್ಳಗಳ ಮೇಲಿದ್ದ ಹಳೆಯ ಸೇತುವೆಗಳು ಈಗ ಇಲ್ಲ. ಹೋದ ಹಾದಿಯಲ್ಲೇ ಹೊರಳಿ ಬರಬೇಕು.

7. ನಮಗೆ ಇದರಿಂದ ಏನು ಪಾಠ?

ಮುಂದಿನ ವರ್ಷ ನಾವು ಏಳನೆಯವರು ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗಬೇಕು. ಡಾಂಬರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಕಡಿ ತುಂಬಿದ ಟಿಪ್ಪರು ಬಿಡುವಿಲ್ಲದೆ ಓಡುತ್ತವೆ. "ಆ ರೋಡಿನ ಮ್ಯಾಲೆ ಸೈಕಲ್ ಬ್ಯಾಡ" ಎಂದು ಮನೆಯಲ್ಲಿ ಅಂದರೆ ನಾವು ಹುಡುಗಿಯರು ಶಾಲೆಯನ್ನೇ ಬಿಡಬೇಕಾಗುತ್ತದೆ. ನಮ್ಮ ಅಕ್ಕನ ಜೋಡಿ ಓದಿದ ಇಬ್ಬರು ಹಾಗೆಯೇ ಬಿಟ್ಟಿದ್ದಾರೆ.

ಆದರೆ ಆ ಊರಿಗೆ ಒಂದು ಹಳೆಯ ಚಕ್ಕಡಿ ದಾರಿ ಇದೆ. ಊರ ನಕಾಶೆಯಲ್ಲೂ ಅದರ ಗೆರೆ ಇದೆ. ಎರಡು ಚಕ್ಕಡಿ ಎದುರುಬದುರು ದಾಟುತ್ತಿದ್ದವು ಎಂದು ಅಜ್ಜ ಹೇಳುತ್ತಾರೆ. ಚಕ್ಕಡಿ ಕಡಿಮೆ ಆದವು. ವರ್ಷಕ್ಕೆ ಒಂದೊಂದು ಸಾಲು ನೇಗಿಲು ಒಳಗೆ ಬಂದು, ಈಗ ಕೆಲವು ಕಡೆ ಒಂದು ಸೈಕಲ್ ದಾಟುವಷ್ಟೇ ಉಳಿದಿದೆ. ಯಾರ ಮೇಲೂ ತಪ್ಪು ಹೊರಿಸಲು ಇದನ್ನು ಬರೆದಿಲ್ಲ. ರೈಲು ನಿಂತ ಮೇಲೆ ಅಲ್ಲಿಯ ಹಾದಿ ಉಳಿದ ಹಾಗೆ ಚಕ್ಕಡಿ ನಿಂತ ಮೇಲೆ ನಮ್ಮ ಹಾದಿಯೂ ಉಳಿಯಬೇಕು. ಅದಕ್ಕೆ ಡಾಂಬರು ಬೇಡ. ಅಳತೆ ಮಾಡಿ ಎರಡೂ ಬದಿ ಗುರುತಿನ ಕಲ್ಲು ನೆಟ್ಟು, ತಗ್ಗಿಗೆ ಗರಸು ಹಾಕಿದರೆ ಸಾಕು. ಮಕ್ಕಳ ಗ್ರಾಮಸಭೆಯಲ್ಲಿ ನಾವು ಈ ಮಾತು ಕೇಳೋಣ. ಗುರುಗಳೂ ಅಕ್ಕೋರೂ ನಮ್ಮ ಜೊತೆ ಬರಬೇಕೆಂದು ಕೈಮುಗಿದು ಬೇಡುತ್ತೇನೆ.

ಪ್ರಶ್ನೆಗಳು (ಉತ್ತರ ಮೇಲೆಯೇ ಇದೆ)
1. ರೈಲಿನ ದಾರಿಯಲ್ಲಿ ದೊಡ್ಡ ಏರು ಏಕೆ ಇರುವುದಿಲ್ಲ?
2. ಡೆಶೂಟ್ಸ್ ಕಣಿವೆಗೂ ನಮ್ಮ ಹೊಲಕ್ಕೂ ಇರುವ ಎರಡು ಹೋಲಿಕೆ ಯಾವುವು?
3. ನಿಮ್ಮ ಮನೆಯ ಸೈಕಲ್ಲಿನ ಟೈರಿನ ಅಗಲ ಎಷ್ಟು? ಅಳೆದು ಬನ್ನಿರಿ.

— 7ನೇ ತರಗತಿಯ ವಿದ್ಯಾರ್ಥಿನಿ