ಸುಗ್ಗಿಯ ದಿನಗಳಲ್ಲಿ ಕಚೇರಿಯ ಶಿಸ್ತು

ಅಕ್ಟೋಬರ್ ಬಂತೆಂದರೆ ರಾಯಚೂರು ಮಾರುಕಟ್ಟೆಗೆ ಹತ್ತಿಯ ಆವಕ ಏರತೊಡಗುತ್ತದೆ. ಅದು ಮುಗಿಯುವ ಮುನ್ನವೇ ತುಂಗಭದ್ರಾ ಎಡದಂಡೆ ಕಾಲುವೆಯ ಆಸರೆಯಿರುವ ಮಾನ್ವಿ ಭಾಗದಿಂದಲೂ ನಾರಾಯಣಪುರ ಬಲದಂಡೆ ಕಾಲುವೆಯ ನೀರುಣ್ಣುವ ದೇವದುರ್ಗ ಭಾಗದಿಂದಲೂ ಭತ್ತ ಬರಲಾರಂಭಿಸುತ್ತದೆ. ವ್ಯವಹಾರ ಹಲವು ಪಟ್ಟು ಬೆಳೆದರೂ ಕಚೇರಿಯ ಗುಮಾಸ್ತರ ಸಂಖ್ಯೆ ಬೆಳೆಯುವುದಿಲ್ಲ. ಆದುದರಿಂದ ಕೆಲಸದ ಹೊರೆಯನ್ನು ಕ್ರಮಬದ್ಧವಾಗಿ ನಿಭಾಯಿಸುವ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

1. ಅಂದಿನ ಲೆಕ್ಕ ಅಂದೇ: ದಿನಕ್ಕೆ 40 ತೂಕದ ಚೀಟಿಗಳು ಬರುತ್ತವೆಂದು ಭಾವಿಸೋಣ. ಕೀರ್ದಿ ಬರೆಯುವುದನ್ನು ಐದು ದಿನ ಮುಂದೂಡಿದರೆ 200 ಚೀಟಿಗಳು ಕೂಡುತ್ತವೆ. ಅಷ್ಟರಲ್ಲಿ ಒಂದು ಕಳೆದರೂ ರೈತನ ಹಣ, ದಾಸ್ತಾನು, ತೆರಿಗೆ ಮೂರರಲ್ಲಿಯೂ ವ್ಯತ್ಯಾಸ ಬರುತ್ತದೆ. ಸಂಜೆ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಡುವುದು ಲೇಸು.

2. ಕೆಲಸಗಳ ವಿಂಗಡಣೆ: ಎದುರಿಗೆ ನಿಂತ ರೈತನ ಪಾವತಿ ಮತ್ತು ಹೊರಡಲಿರುವ ಲಾರಿಯ ಇ-ವೇ ಬಿಲ್ ತಕ್ಷಣದ ಕೆಲಸಗಳು. ತೆರಿಗೆಯ ವಿವರಗಳು ಗಡುವಿಗೆ ಒಳಪಟ್ಟವು. ಹಳೆಯ ಕಡತಗಳ ಜೋಡಣೆ ಕಾಯಬಲ್ಲ ಕೆಲಸ. ಈ ಮೂರನ್ನೂ ಮೂರು ಬೇರೆ ಪಟ್ಟಿಗಳಲ್ಲಿ ಬರೆದಿಡಬೇಕು.

3. ದಿನಾಂಕಗಳ ಫಲಕ: ಪ್ರತಿ ತಿಂಗಳ 7ರೊಳಗೆ ಮೂಲದಲ್ಲಿ ಕಡಿತವಾದ ಆದಾಯ ತೆರಿಗೆ (ಮಾರ್ಚ್ ತಿಂಗಳದ್ದು ಏಪ್ರಿಲ್ 30ರೊಳಗೆ), 15ರೊಳಗೆ ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆ, ಮಾಸಿಕ ವಿವರ ಸಲ್ಲಿಸುವವರಿಗೆ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ. ಇವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಬರೆದು, ಪ್ರತಿಯೊಂದಕ್ಕೂ ಮೂರು ದಿನ ಮೊದಲೇ ಕಚೇರಿಯ ಗಡುವನ್ನು ಗೊತ್ತುಪಡಿಸಬೇಕು.

4. ಹೊಣೆಯ ಹಂಚಿಕೆ: ಪ್ರತಿ ಕೆಲಸಕ್ಕೂ ಒಬ್ಬ ಹೊಣೆಗಾರನಿರಲಿ, ಆತ ರಜೆಯಲ್ಲಿದ್ದಾಗ ನೋಡಿಕೊಳ್ಳುವ ಮತ್ತೊಬ್ಬನೂ ಇರಲಿ. ಎಲ್ಲವನ್ನೂ ಮಾಲೀಕರೇ ಮಾಡಹೊರಟರೆ ಖರೀದಿ, ಮಾರಾಟಗಳ ಕಡೆಗೆ ಲಕ್ಷ್ಯ ಕುಂದುತ್ತದೆ.

ಅಲಕ್ಷ್ಯದ ಬೆಲೆಯನ್ನು ಗಮನಿಸಿರಿ. 2017ರ ನವೆಂಬರ್ 15ರಿಂದ ರೈತರಿಂದ ಕೊಂಡ ಕಚ್ಚಾ ಹತ್ತಿಯ ಮೇಲಿನ ಶೇ. 5ರ ಜಿಎಸ್‌ಟಿಯನ್ನು ನೋಂದಾಯಿತ ಖರೀದಿದಾರನೇ ಕಟ್ಟಬೇಕಾಗಿದೆ. ಅದೂ ನಗದು ಖಾತೆಯಿಂದಲೇ. ₹40 ಲಕ್ಷದ ಖರೀದಿ ಲೆಕ್ಕದಿಂದ ತಪ್ಪಿದರೆ ಬಾಕಿ ಉಳಿಯುವ ತೆರಿಗೆ ₹2 ಲಕ್ಷ. ಅದರ ಮೇಲೆ ವಾರ್ಷಿಕ ಶೇ. 18ರಂತೆ ತಿಂಗಳಿಗೆ ಸುಮಾರು ₹3,000 ಬಡ್ಡಿ. ಕಟ್ಟಿದ ತೆರಿಗೆಯನ್ನು ನಿಯಮಾನುಸಾರ ಹೂಡುವಳಿ ಜಮೆಯಾಗಿ ಪಡೆಯಬಹುದು; ಬಡ್ಡಿ ಮಾತ್ರ ಮರಳಿ ಬಾರದು.

ಹೆಚ್ಚಿದ ಕೆಲಸ ವ್ಯಾಪಾರದ ಏಳಿಗೆಯ ಲಕ್ಷಣ. ಆದರೆ ಕೂಡಿಬಿದ್ದ ಕೆಲಸ ಲಾಭವನ್ನು ತಿನ್ನುತ್ತದೆ, ಮಾರುಕಟ್ಟೆಯಲ್ಲಿ ಗಳಿಸಿದ ನಂಬಿಕೆಯನ್ನೂ ಕುಂದಿಸುತ್ತದೆ. ಹೊಸ ಹಂಗಾಮಿನ ಮೊದಲ ಗಾಡಿ ಬರುವ ಮುನ್ನವೇ ಸದಸ್ಯರು ಈ ನಾಲ್ಕು ಕ್ರಮಗಳನ್ನು ತಮ್ಮ ಕಚೇರಿಯಲ್ಲಿ ಜಾರಿಗೆ ತರುವುದು ಹಿತಕರ.