ಪಂಚಾಯ್ತಿ ಪ್ರಶ್ನೋತ್ತರ: ಓಣಿ ರಸ್ತೆಯ ಎಸ್ಟಿಮೇಟು ಯಾರ ಕೈಲಿದೆ?

ಕನಕಗಿರಿ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ಖರೀದಿ, ಟೆಂಡರು, ಬಿಲ್ಲಿನ ಮಾತೇ ಹೆಚ್ಚು. ಹೆಸರು ಹಾಕಬೇಡಿ ಎಂದವರ ಹೆಸರು ಬಿಟ್ಟಿದ್ದೇವೆ. ಹಾಗೆ ಕೇಳದವರು ಒಬ್ಬರೂ ಇರಲಿಲ್ಲ.

ಪ್ರಶ್ನೆ: ನಮ್ಮ ಓಣಿಗೆ ಸಿಸಿ ರಸ್ತೆ ಮಂಜೂರಾಗೈತಿ ಅಂತ ಕೇಳಾಕತ್ತು ಬಾಳ ದಿನ ಆತ್ರಿ. ಒಬ್ಬರು ಪಂಚಾಯ್ತಿದು ಅಂತಾರ, ಇನ್ನೊಬ್ಬರು ಲ್ಯಾಂಡ್ ಆರ್ಮಿದು ಅಂತಾರ. ಈಗ ಜಲ್ಲಿ ಬಂದು ಬಿದ್ದೈತಿ. ಇದು ಯಾರ ಕೆಲಸ ಅಂತ ತಿಳ್ಕೊಳ್ಳೋದು ಹ್ಯಾಂಗ? ಎಷ್ಟು ದಪ್ಪ ಹಾಕ್ತೀರಿ ಅಂತ ಕೇಳಾಕ ನಮಗ ಹಕ್ಕೈತೇನು?
— ಹುಲಿಹೈದರದ ಓದುಗರು

ಉತ್ತರ: ಹಕ್ಕು ಇದೆ. ಆದರೆ ಯಾರನ್ನು ಕೇಳಬೇಕೆಂಬುದು ಮೊದಲು ಗೊತ್ತಾಗಬೇಕು. ನಿಮ್ಮಂಥ ಹೋಬಳಿ ಊರಿನಲ್ಲಿ ಒಂದೇ ಓಣಿಗೆ ಗ್ರಾಮ ಪಂಚಾಯ್ತಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ಲೋಕೋಪಯೋಗಿ ಇಲಾಖೆ, ನಿರ್ಮಿತಿ ಕೇಂದ್ರ, ಲ್ಯಾಂಡ್ ಆರ್ಮಿ ಎಲ್ಲರೂ ರಸ್ತೆ ಹಾಕಬಹುದು. ದುಡ್ಡು ಕೇಂದ್ರ ಹಣಕಾಸು ಆಯೋಗದ ಅನುದಾನದ್ದಿರಬಹುದು, ಶಾಸಕರ ನಿಧಿಯದ್ದಿರಬಹುದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದ್ದೂ ಇರಬಹುದು. ದುಡ್ಡು ಒಬ್ಬರದು, ಕೆಲಸ ಇನ್ನೊಬ್ಬರದು ಆದಾಗ ಜನ ಮಾತ್ರ ಪಂಚಾಯ್ತಿ ಬಾಗಿಲಿಗೇ ಹೋಗುತ್ತಾರೆ. ಪಿಡಿಒ ನಿಜವಾಗಿಯೂ ‘ನಮ್ಮದಲ್ಲ’ ಎನ್ನಬೇಕಾದ ಸಂದರ್ಭಗಳೂ ಇವೆ.

ಕೆಲಸದ ಜಾಗದಲ್ಲಿ ಮಾಹಿತಿ ಫಲಕ ಇದ್ದರೆ ಅನುದಾನ, ಮೊತ್ತ, ಅನುಷ್ಠಾನ ಸಂಸ್ಥೆ, ಗುತ್ತಿಗೆದಾರ ಎಲ್ಲ ಅದರಲ್ಲೇ ಸಿಗುತ್ತದೆ. ಫಲಕ ಇಲ್ಲದಿದ್ದರೆ ಪಂಚಾಯ್ತಿಯಲ್ಲಿ ಆ ವರ್ಷದ ಕ್ರಿಯಾ ಯೋಜನೆ ತೆರೆಸಿ ನೋಡಿ. ಅದರಲ್ಲಿ ನಿಮ್ಮ ಓಣಿಯ ಹೆಸರು ಇದ್ದರೆ ಅದು ಪಂಚಾಯ್ತಿಯ ಕೆಲಸ. ಇಲ್ಲವಾದರೆ ಬೇರೆ ಇಲಾಖೆಯದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರದು, ಜಾರಿಗೆ ಬಂದದ್ದು 2000ದಲ್ಲಿ. ಅದರ ಪ್ರಕಾರ 5 ಲಕ್ಷ ರೂಪಾಯಿ ಮೀರಿದ ನಿರ್ಮಾಣ ಕೆಲಸಕ್ಕೆ ಸಾಮಾನ್ಯವಾಗಿ ಟೆಂಡರ್ ಆಗಲೇಬೇಕು. ಟೆಂಡರ್ ಆಗಿದ್ದರೆ ‘ಕೆಪಿಪಿಪಿ’ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಅದರ ವಿವರ ಇರುತ್ತದೆ, ಮೊಬೈಲಿನಲ್ಲೇ ನೋಡಬಹುದು.

ಇನ್ನು ಲ್ಯಾಂಡ್ ಆರ್ಮಿ. 1974ರಲ್ಲಿ ಕರ್ನಾಟಕ ಲ್ಯಾಂಡ್ ಆರ್ಮಿ ಎಂದು ಶುರುವಾದ ಸಂಸ್ಥೆ ಈಗ ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತ, ಅಂದರೆ ಕೆಆರ್‌ಐಡಿಎಲ್. ಹೆಸರು ಬದಲಾದರೂ ಜನರ ಬಾಯಲ್ಲಿ ಬದಲಾಗಿಲ್ಲ. ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರ ವಿನಾಯಿತಿ ಕೊಟ್ಟರೆ ಇಂಥ ಸಂಸ್ಥೆಗೆ ಟೆಂಡರ್ ಇಲ್ಲದೆ ನೇರವಾಗಿ ಕೆಲಸ ವಹಿಸಬಹುದು. ತುರ್ತಿನ ಕೆಲಸಕ್ಕೆ ಇದು ಅನುಕೂಲ ಎನ್ನುತ್ತಾರೆ. ಆದರೆ ಸ್ಪರ್ಧೆ ಇಲ್ಲದ ಕಡೆ ಕಣ್ಗಾವಲು ಎರಡು ಪಟ್ಟು ಇರಬೇಕು. 2025ರಲ್ಲಿ ಕೆಆರ್‌ಐಡಿಎಲ್‌ನ ಕೊಪ್ಪಳ ಕಚೇರಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಗುಮಾಸ್ತರೊಬ್ಬರ ಮನೆ ಮೇಲೆ ಲೋಕಾಯುಕ್ತ ದಾಳಿಯಾಯಿತು. ಅಪೂರ್ಣ ಕಾಮಗಾರಿ 96ಕ್ಕೆ ಸುಳ್ಳು ದಾಖಲೆ ಮಾಡಿ 72 ಕೋಟಿ ರೂಪಾಯಿಗೂ ಹೆಚ್ಚು ಎತ್ತಲಾಗಿದೆ ಎಂಬ ಆರೋಪ ಪತ್ರಿಕೆಗಳಲ್ಲಿ ಬಂತು. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ನಮ್ಮ ಜಿಲ್ಲೆಯವರು ಕೇಳಿಕೊಳ್ಳಬೇಕಾದದ್ದು ಬೇರೆ: ಅಷ್ಟು ಕೆಲಸಗಳು ಯಾವುದೋ ಊರಿನ ಯಾವುದೋ ಓಣಿಯಲ್ಲಿ ಆಗಬೇಕಾಗಿದ್ದವಲ್ಲ, ಆ ಓಣಿಯವರ ಕೈಗೆ ಎಸ್ಟಿಮೇಟು ಒಮ್ಮೆಯಾದರೂ ಸಿಕ್ಕಿತ್ತೇ?

ದಪ್ಪದ ಮಾತಿಗೆ ಬರೋಣ. ಎಸ್ಟಿಮೇಟಿನಲ್ಲಿ ರಸ್ತೆಯ ಉದ್ದ 100 ಮೀಟರ್, ಅಗಲ 3 ಮೀಟರ್, ಕಾಂಕ್ರೀಟ್ ದಪ್ಪ 15 ಸೆಂಟಿಮೀಟರ್ ಎಂದಿದೆ ಅಂದುಕೊಳ್ಳಿ. ಗುಣಿಸಿದರೆ 45 ಘನ ಮೀಟರ್ ಕಾಂಕ್ರೀಟ್. ಅದನ್ನೇ 10 ಸೆಂಟಿಮೀಟರಿಗೆ ಇಳಿಸಿದರೆ 30. ಕಣ್ಣಿಗೆ ಎರಡು ಬೆರಳಿನ ವ್ಯತ್ಯಾಸ, ಲೆಕ್ಕದಲ್ಲಿ ಮೂರನೇ ಒಂದು ಪಾಲು ಮಾಯ. ಘನ ಮೀಟರಿಗೆ ಏಳು ಚೀಲ ಸಿಮೆಂಟ್ ಹಿಡಿದರೂ ನೂರಕ್ಕೂ ಹೆಚ್ಚು ಚೀಲ ಉಳಿಯಿತು. ಆದ್ದರಿಂದ ಕಾಂಕ್ರೀಟ್ ಸುರಿಯುವ ಮುಂಚೆಯೇ ಟೇಪು ಹಿಡಿದು ಪಕ್ಕದ ಸೆಂಟ್ರಿಂಗ್ ಹಲಗೆಯ ಎತ್ತರ ಅಳೆಯಿರಿ. ನಡುವಿನಲ್ಲೂ ಅಳೆಯಿರಿ, ಯಾಕೆಂದರೆ ಅಂಚಿಗೆ ದಪ್ಪ ತೋರಿಸಿ ನಡುವೆ ಮಣ್ಣು ಎತ್ತರಿಸುವ ಚಾಳಿ ಹಳೆಯದು. ಅಡಿಯ ಬೆಡ್ಡನ್ನು ಕಾಂಕ್ರೀಟಿನ ದಪ್ಪಕ್ಕೆ ಸೇರಿಸಬಾರದು. ಮೊಬೈಲಿನಲ್ಲಿ ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆದಿಡಿ.

ಇಂಜಿನಿಯರರು ಬಂದು ಅಳತೆ ಪುಸ್ತಕ, ಅಂದರೆ ‘ಎಂ.ಬಿ.’ ಬರೆದ ಮೇಲೇ ಬಿಲ್ ಆಗುವುದು. ತಕರಾರು ಇದ್ದರೆ ಎಂ.ಬಿ. ಬರೆಯುವ ಮುಂಚೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾರ್ಚ್ ತಿಂಗಳಲ್ಲಂತೂ ಇನ್ನಷ್ಟು ಚುರುಕಾಗಿರಬೇಕು. ಬಿಲ್ ಪಾವತಿಯಾದ ಮೇಲೆ ಎಷ್ಟು ಅರ್ಜಿ ಬರೆದರೂ ಅದು ತನಿಖೆಯ ದಾರಿ ಹಿಡಿಯುತ್ತದೆ, ರಸ್ತೆಯ ದಾರಿ ಹಿಡಿಯುವುದಿಲ್ಲ.

ಪ್ರಶ್ನೆ: ನಾನು ಪಂಚಾಯ್ತಿ ಅಧ್ಯಕ್ಷೆ. ನನ್ನ ಡಾಂಗಲ್ ಆಫೀಸಿನಾಗ ಇರ್ತೈತ್ರಿ. ಬೀದಿ ದೀಪ ಖರೀದಿಗೆ ಮೂರು ಕೊಟೇಶನ್ ತಗೊಂಡೀವಿ, ಎಲ್ಲಾ ಕಾಯ್ದೆ ಪ್ರಕಾರ ಐತಿ, ನೀವು ಚಿಂತಿ ಮಾಡಬ್ಯಾಡ್ರಿ ಅಂತ ನಮ್ಮವರ ಹೇಳ್ತಾರ. ಚಿಂತಿ ಮಾಡ್ಬೇಕೋ ಬ್ಯಾಡೋ?
— ಕನಕಗಿರಿ ತಾಲ್ಲೂಕು

ಉತ್ತರ: ಮಾಡಬೇಕು ಅಕ್ಕಾವ್ರೇ. ಡಾಂಗಲ್ ಅಂದರೆ ನಿಮ್ಮ ಡಿಜಿಟಲ್ ಸಹಿ. ಖಾಲಿ ಚೆಕ್ಕಿಗೆ ಸಹಿ ಹಾಕಿ ಬೇರೆಯವರ ಟೇಬಲ್ಲಿನ ಮೇಲೆ ಇಟ್ಟು ಬರುತ್ತೀರಾ? ನಾಳೆ ಆಡಿಟ್ ಆಕ್ಷೇಪಣೆ ಬಂದಾಗ ‘ನಮ್ಮವರು ಹೇಳಿದರು’ ಎಂಬ ಉತ್ತರ ನಡೆಯುವುದಿಲ್ಲ. ನೋಟಿಸ್ ಬರುವುದು ನಿಮ್ಮ ಹೆಸರಿಗೆ, ಮನೆಯವರ ಹೆಸರಿಗಲ್ಲ. ಇವತ್ತೇ ಡಾಂಗಲ್ ಕೈಗೆ ತಗೊಳ್ಳಿ, ಪಾಸ್‌ವರ್ಡ್ ಬದಲಾಯಿಸಿ. ಪಾವತಿ ಇದ್ದ ದಿನ ನೀವೇ ಕೂತು, ಒಂದೊಂದು ವೋಚರ್ ಓದಿಸಿಕೊಂಡು ಒತ್ತಿ.

ಕೊಟೇಶನ್ ಕಡತ ತರಿಸಿ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಖೊಟ್ಟಿ ಕಡತದ ಗುರುತು ಹುಡುಕುವುದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಮೂರು ಲೆಟರ್‌ಹೆಡ್, ಒಂದೇ ಕೈಬರಹ. ಮೂರಕ್ಕೂ ಒಂದೇ ತಾರೀಖು. ಮೊದಲನೆಯದರಲ್ಲಿ ‘ಎಲ್‌ಇಡಿ’ ಬದಲು ‘ಎಲ್‌ಡಿಇ’ ಎಂದು ತಪ್ಪಿದ್ದರೆ ಉಳಿದೆರಡರಲ್ಲೂ ಅದೇ ತಪ್ಪು. ಒಂದು ಅಂಗಡಿಯ ಹೆಸರು ಕೇಳಿದರೆ ಅದು ಗೊಬ್ಬರ ಮಾರುವ ಅಂಗಡಿ. ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಆ ಅಂಗಡಿ ಇದೆಯೋ, ನೋಂದಣಿ ರದ್ದಾಗಿದೆಯೋ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಲ್ಬು ಬಂದ ಮೇಲೆ ದಾಸ್ತಾನು ವಹಿಯಲ್ಲಿ ಏರಿಸಿದ್ದಾರೋ, ಯಾವ ಕಂಬಕ್ಕೆ ಯಾವ ದಿನ ಹಾಕಿದರು ಎಂದು ಬರೆದಿದ್ದಾರೋ ನೋಡಿ. ಸಂಜೆ ಊರಾಗ ಒಂದು ಸುತ್ತು ಹಾಕಿದರೆ ಉಳಿದದ್ದು ಕಂಬಗಳೇ ಹೇಳುತ್ತವೆ.

ದೊಡ್ಡ ಖರೀದಿಯನ್ನು ಸಣ್ಣ ಸಣ್ಣ ಬಿಲ್ಲಾಗಿ ಒಡೆದು ಟೆಂಡರ್ ತಪ್ಪಿಸುವುದು ಇನ್ನೊಂದು ದಾರಿ. ವಾರದೊಳಗೆ ಒಂದೇ ಅಂಗಡಿಯ ಮೂರ್ನಾಲ್ಕು ಬಿಲ್, ಎಲ್ಲವೂ ಮಿತಿಗಿಂತ ತುಸುವೇ ಕಡಿಮೆ ಇದ್ದರೆ ಸಹಿ ಹಾಕುವ ಮುಂಚೆ ಕಾರಣ ಬರೆಸಿಕೊಳ್ಳಿ. ಹಣಕಾಸು ಆಯೋಗದ ದುಡ್ಡಾದರೆ ಅದು ಯಾವ ಬಾಬ್ತಿನದೆಂದೂ ಕೇಳಿ. 15ನೇ ಆಯೋಗದ 2021-22ರಿಂದ 2025-26ರ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಆ ಪಾಲಿನಿಂದ ಬೀದಿ ದೀಪ ಕೊಳ್ಳುವಂತಿಲ್ಲ.

ಪ್ರಶ್ನೆ: ನಾನು ಪರಿಶಿಷ್ಟ ಜಾತಿಯ ಹೊಸ ಗುತ್ತಿಗೆದಾರ. ಜಾತ್ರೆ ಹತ್ತಿರ ಬಂತು, ಮೊದಲು ಚರಂಡಿ ಕೆಲಸ ಮುಗಿಸಿಬಿಡು, ವರ್ಕ್ ಆರ್ಡರ್ ಆಮೇಲೆ ಮಾಡಿಕೊಡ್ತೀವಿ ಅಂತ ದೊಡ್ಡವರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಲೇ?
— ಯಲಬುರ್ಗಾ ತಾಲ್ಲೂಕು

ಉತ್ತರ: ಬೇಡ. ಬೆಳಗಾವಿ ಪಕ್ಕದ ಹಿಂಡಲಗಾ ನಿಮಗೆ ನೆನಪಿರಲಿ. ಅಲ್ಲಿಯೂ ಜಾತ್ರೆಯ ನೆಪದಲ್ಲೇ ರಸ್ತೆ, ಚರಂಡಿ ಕೆಲಸ ಶುರುವಾಗಿತ್ತು. ಸುಮಾರು 4 ಕೋಟಿ ರೂಪಾಯಿಯ ಕೆಲಸ ಮಾಡಿದ್ದೇನೆ, ಬಿಲ್ ಬಂದಿಲ್ಲ ಎಂದು ದೂರಿದ್ದ ಗುತ್ತಿಗೆದಾರ ಸಂತೋಷ ಪಾಟೀಲ 2022ರ ಏಪ್ರಿಲ್‌ನಲ್ಲಿ ಉಡುಪಿಯ ಲಾಡ್ಜಿನಲ್ಲಿ ಹೆಣವಾಗಿ ಸಿಕ್ಕರು. ಆ ಕೆಲಸಕ್ಕೆ ಕಾರ್ಯಾದೇಶವೇ ಇರಲಿಲ್ಲ ಎಂದು ಇಲಾಖೆ ಹೇಳಿತು. ರಾಜಕೀಯದ ಗದ್ದಲ ದೊಡ್ಡದಾಯಿತು, ಆದರೆ ಗುತ್ತಿಗೆದಾರನ ಕಡೆಯಿಂದ ನೋಡಿದರೆ ವಿಷಯ ಸರಳ: ಕೈಯಲ್ಲಿ ಆದೇಶ ಇಲ್ಲದ ಮೇಲೆ ಹಾಕಿದ ಸಿಮೆಂಟಿಗೆ ಲೆಕ್ಕವಿಲ್ಲ. ಸಾಲ ಮಾಡಿ ಹಾಕಿದ ದುಡ್ಡಿಗೆ ಬಡ್ಡಿ ಮಾತ್ರ ಇದೆ.

ಆಡಳಿತ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ಕಾರ್ಯಾದೇಶ. ಇವೆಲ್ಲ ಆದ ಮೇಲೆ ಸಲಿಕೆ ಹಿಡಿಯಿರಿ. ದೊಡ್ಡವರ ಮಾತಿಗೆ ಬೆಲೆ ಇದ್ದರೆ ಅದನ್ನು ಒಂದು ಹಾಳೆಯ ಮೇಲೆ ಬರೆದು ಕೊಡಲಿ. ನಿಮಗೆ ಪಾರದರ್ಶಕತೆ ಕಾಯ್ದೆಯಲ್ಲೇ ಜಾಗವಿದೆ: ನಿಗದಿತ ಮಿತಿಯೊಳಗಿನ ಕಾಮಗಾರಿಗಳ ಸಂಖ್ಯೆಯಲ್ಲಿ ಶೇ 17.15 ಪರಿಶಿಷ್ಟ ಜಾತಿ, ಶೇ 6.95 ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲು. ಮೊದಲು 50 ಲಕ್ಷವಿದ್ದ ಮಿತಿ 2023ರ ತಿದ್ದುಪಡಿಯಲ್ಲಿ 1 ಕೋಟಿಗೆ ಏರಿತು. ಕೆಪಿಪಿಪಿ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ ಮೀಸಲು ಟೆಂಡರಿಗೆ ಹಾಕಿ. ಒಂದು ಎಚ್ಚರಿಕೆ: ನಿಮ್ಮ ಲೈಸೆನ್ಸ್ ಮೇಲೆ ಬೇರೆಯವರು ಕೆಲಸ ಮಾಡಿ ನಿಮಗೆ ಪರ್ಸೆಂಟೇಜ್ ಕೊಡುವ ಆಸೆ ತೋರಿಸುತ್ತಾರೆ. ರಸ್ತೆ ಕಿತ್ತುಹೋದರೆ ನೋಟಿಸ್ ಬರುವುದು, ಕಪ್ಪುಪಟ್ಟಿಗೆ ಸೇರುವುದು ಲೈಸೆನ್ಸ್‌ನಲ್ಲಿರುವ ಹೆಸರು.

ಪ್ರಶ್ನೆ: ಸದಸ್ಯರ ತಮ್ಮನ ಹೆಸರಿನಲ್ಲಿ ಪಂಚಾಯ್ತಿ ಗುತ್ತಿಗೆ ಇದೆ. ತಪ್ಪಲ್ಲವೇ?
— ಗಂಗಾವತಿ

ಉತ್ತರ: ಪಂಚಾಯ್ತಿಯ ಕೆಲಸದಲ್ಲಿ ಅಥವಾ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇರುವವರು ಸದಸ್ಯರಾಗಿರಲು ಅನರ್ಹರು ಎಂದು 1993ರ ಪಂಚಾಯತ್ ರಾಜ್ ಕಾಯ್ದೆಯ 12ನೇ ಪ್ರಕರಣ ಹೇಳುತ್ತದೆ. ಆದರೆ ತಮ್ಮ ಎಂಬ ಸಂಬಂಧವೊಂದೇ ಸಾಕ್ಷಿಯಾಗದು. ಸದಸ್ಯರಿಗೆ ಅದರಲ್ಲಿ ಪಾಲಿದೆ ಎಂದು ತೋರಿಸಬೇಕು.

ಪ್ರಶ್ನೆ: ಮನೆಮನೆಗೆ ನಳ ಹಾಕಲು ಚೆಂದದ ಸಿಸಿ ರಸ್ತೆ ಕೊರೆದು ಹೋದರು. ಮಣ್ಣು ಮುಚ್ಚಿದ್ದಷ್ಟೇ. ಪಂಚಾಯ್ತಿ ದುಡ್ಡಿನಲ್ಲಿ ಮತ್ತೆ ಹಾಕಬೇಕಂತೆ. ಕಾಗದ ಕೇಳಿದರೆ ಕೊಡುತ್ತಿಲ್ಲ.
— ಕುಷ್ಟಗಿ ತಾಲ್ಲೂಕು

ಉತ್ತರ: ಜಲಜೀವನ್ ಮಿಷನ್ ಕೆಲಸ ಮಾಡಿಸುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ. ಕೊರೆದ ರಸ್ತೆ ಸರಿಪಡಿಸುವ ಬಾಬ್ತು ಎಸ್ಟಿಮೇಟಿನಲ್ಲಿ ಇದೆಯೇ ನೋಡಿ. ಇದ್ದರೆ ಅದನ್ನು ಗುತ್ತಿಗೆದಾರನೇ ಮಾಡಬೇಕು. ಮಾಡದೆ ಯೋಜನೆಯನ್ನು ಪಂಚಾಯ್ತಿಗೆ ಹಸ್ತಾಂತರ ಮಾಡಿಕೊಳ್ಳಬೇಡಿ ಎಂದು ಗ್ರಾಮಸಭೆಯಲ್ಲಿ ಠರಾವು ಬರೆಸಿ. ಹಸ್ತಾಂತರದ ಸಹಿ ಬಿದ್ದ ಮೇಲೆ ಪಂಚಾಯ್ತಿಯ ಬಿಗಿ ಸಡಿಲವಾಗುತ್ತದೆ.

ಕಾಗದಕ್ಕೆ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ‘ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂದು ಬರೆದರೆ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತೆ. ಕೆಲಸದ ಹೆಸರು, ವರ್ಷ ಹಾಕಿ ಎಸ್ಟಿಮೇಟು, ಕರಾರು, ಎಂ.ಬಿ. ಪುಟಗಳ ಪ್ರತಿ ಕೇಳಿ. ಇದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಖುದ್ದು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕೂ ಇದೆ. ಅದನ್ನು ಕೇಳುವವರು ಕಡಿಮೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ ಜಗ್ಗದಿದ್ದರೆ ಮಾಹಿತಿ ಆಯೋಗದ ಕಲಬುರಗಿ ಪೀಠ. ಪಂಚಾಯ್ತಿಯ ಜಮಾಬಂದಿಗೂ ಹೋಗಿ. ವರ್ಷದ ಜಮಾ-ಖರ್ಚು, ಕಾಮಗಾರಿಗಳನ್ನು ಅಧಿಕಾರಿಗಳು ಊರವರ ಎದುರಿಗೇ ತಾಳೆ ನೋಡಬೇಕಾದ ದಿನವದು. ಬಹಳ ಊರಲ್ಲಿ ಅದು ಚಹಾ ಕುಡಿದು ಸಹಿ ಮಾಡುವುದರಲ್ಲಿ ಮುಗಿಯುತ್ತದೆ. ಎಂ.ಬಿ. ಪ್ರತಿ ಕೈಯಲ್ಲಿ ಹಿಡಿದು ನಾಲ್ಕು ಜನ ಹೋದರೆ ಅಧಿಕಾರಿಗಳು ಚಹಾ ಬಿಟ್ಟು ಓಣಿಗೆ ಬರಲೇಬೇಕಾಗುತ್ತದೆ. ಟೇಪು ಮಾತ್ರ ನಿಮ್ಮದೇ ಇರಲಿ.